ಸೊಂಟದ ಆರ್ಥ್ರೋಸ್ಕೋಪಿ ಆಗಿ ಊರಿಗೆ ಬಂದವರಿಗೆ: ಮೆಡಿಕಲ್ ಅಂಗಡಿಯಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಸೊಂಟದ ಕೀಲಿಗೆ ಆರ್ಥ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡಿಸಿಕೊಂಡು ಬರುವವರ ಕೈಯಲ್ಲಿ ಡಿಸ್‌ಚಾರ್ಜ್ ಕಾಗದ, ಮಾತ್ರೆ ಚೀಟಿ, ವ್ಯಾಯಾಮದ ಚಿತ್ರಗಳ ಒಂದು ಹಾಳೆ ಇರುತ್ತವೆ. ಮನೆಗೆ ಏನೇನು ಸಾಮಾನು ಬೇಕು ಎಂದು ಬರೆದ ಚೀಟಿ ಮಾತ್ರ ಹೆಚ್ಚಾಗಿ ಇರುವುದಿಲ್ಲ. ಅದನ್ನು ಅಂಗಡಿಯವರು ಹೇಳುತ್ತಾರೆ, ಇಲ್ಲವೇ ಮೊಣಕಾಲು ಬದಲಾಯಿಸಿಕೊಂಡ ಪಕ್ಕದ ಮನೆಯವರು ಹೇಳುತ್ತಾರೆ. ಮೊಣಕಾಲಿನ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ ಪೇಟೆಗಳಲ್ಲಿ ಸಿಗುವಂಥ ಸಾಮಾನು ಮತ್ತು ಸೇವೆಯನ್ನು ಈ ಒಂದು ಆಪರೇಷನ್ನಿಗೆ ಹೊಂದುತ್ತದೋ ಇಲ್ಲವೋ ಎಂಬ ದೃಷ್ಟಿಯಿಂದಷ್ಟೇ ಇಲ್ಲಿ ನೋಡಿದ್ದೇವೆ. ತೀರ್ಮಾನ ಮೊದಲೇ ಹೇಳಿಬಿಡುವುದಾದರೆ, ಮೊದಲ ದುಡ್ಡು ಎತ್ತರಕ್ಕೆ ಹೋಗಲಿ: ಕೂರುವ ಎತ್ತರ, ಕಕ್ಕಸಿನ ಎತ್ತರ, ಊರುಗೋಲಿನ ಎತ್ತರ. ಎರಡನೇ ವಾರದಲ್ಲಿ ತೊಡೆಸಂದಿನಲ್ಲಿ ಚುಚ್ಚುತ್ತದೆ ಎಂದು ಮಾತ್ರೆ ಹೆಚ್ಚಿಸಿಕೊಳ್ಳುವವರ ಮನೆಯಲ್ಲಿ ಮೊದಲು ಅಳೆಯಬೇಕಾದದ್ದು ಕುರ್ಚಿಯನ್ನು.

ಕಾರಣ ಆಪರೇಷನ್ನಿನ ಒಳಗಿದೆ. ಹೊರಗೆ ಕಾಣುವುದು ಎರಡರಿಂದ ನಾಲ್ಕು ಸಣ್ಣ ರಂಧ್ರ, ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ಒಳಗೆ ಕೀಲಿನ ಬಟ್ಟಲಿನ ಅಂಚಿನಲ್ಲಿರುವ ಲೇಬ್ರಮ್ ಎಂಬ ಮೃದ್ವಸ್ಥಿಯ ಉಂಗುರ ಹರಿದಿದ್ದರೆ ಅದನ್ನು ಸಣ್ಣ ಆಂಕರ್ (ದಾರ ಕಟ್ಟಿದ ಪುಟ್ಟ ಮೊಳೆ) ಹಾಕಿ ಮೂಳೆಗೆ ಹೊಲಿದಿರುತ್ತಾರೆ. ತೊಡೆಮೂಳೆಯ ಕತ್ತಿನ ಮೇಲಿನ ಉಬ್ಬನ್ನು ಕೆರೆದು ತೆಗೆದಿರುತ್ತಾರೆ. ಕೀಲಿನ ಚೀಲವನ್ನು ಕೊಯ್ದು ಮತ್ತೆ ಹೊಲಿದಿರುತ್ತಾರೆ. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಿದರೆ ಹೊಲಿದ ಲೇಬ್ರಮ್ ಎರಡು ಮೂಳೆಗಳ ನಡುವೆ ಸಿಕ್ಕಿ ಹಿಸುಕುತ್ತದೆ. ಪಾದ ಹೊರಕ್ಕೆ ತಿರುಗಿದರೆ, ಕಾಲು ಹಿಂದಕ್ಕೆ ಚಾಚಿದರೆ ಚೀಲದ ಹೊಲಿಗೆ ಎಳೆಯುತ್ತದೆ. ಮೊದಲ ಎರಡು-ಮೂರು ವಾರದ ನಿರ್ಬಂಧಗಳೆಲ್ಲ ಇವುಗಳಿಂದ ಹುಟ್ಟಿದವು. ನಿಖರ ಡಿಗ್ರಿ, ನಿಖರ ವಾರ ಒಬ್ಬ ಸರ್ಜನ್‌ನಿಂದ ಇನ್ನೊಬ್ಬರಿಗೆ ಬೇರೆ. ನಿಮ್ಮ ಕಾಗದದಲ್ಲಿ ಇರುವುದೇ ಅಂತಿಮ.

ಕಮೋಡ್ ಕುರ್ಚಿ

ಇಡೀ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ, ಚರ್ಚೆಯೇ ಇಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೂತು ಹೋಗುವ ಕಕ್ಕಸೇ ಹೆಚ್ಚು, ಎಷ್ಟೋ ಕಡೆ ಅದು ಬಚ್ಚಲಿಂದಾಚೆ ಅಂಗಳದ ಮೂಲೆಯಲ್ಲಿ. ಕುಕ್ಕರುಗಾಲಿನಲ್ಲಿ ಕೂತಾಗ ಸೊಂಟ 110–120 ಡಿಗ್ರಿ ದಾಟಿ ಮಡಚುತ್ತದೆ. ಹೊಲಿಗೆ ಹಾಕಿದ ಕೀಲಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಬ್ರ್ಯಾಂಡ್ ಅಲ್ಲ, ಅಳತೆ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿ ನಿಂತು ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ ಅಳೆಯಿರಿ, ಅದಕ್ಕೆ 5 ಸೆಂ.ಮೀ. ಸೇರಿಸಿ. ಕೂತಾಗ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ ಇರಬೇಕು. ಐದೂವರೆ ಅಡಿ ಎತ್ತರದವರಿಗೆ ಸೀಟು 46–48 ಸೆಂ.ಮೀ. ಸುಮಾರಿಗೆ ಬರುತ್ತದೆ. ಎತ್ತರ ಬದಲಿಸಲಾಗದ ಅಗ್ಗದ ಮಾದರಿಗಳು ಇದಕ್ಕಿಂತ ಕುಳ್ಳಗೆ ಇರುವುದೇ ಹೆಚ್ಚು, ಅವನ್ನು ಬಿಡಿ. ಕಾಲಿನಲ್ಲಿ ರಂಧ್ರ ಮತ್ತು ಗುಂಡಿ ಇರುವ, ಒಂದೊಂದೇ ಇಂಚು ಏರಿಸಬಹುದಾದ ಕುರ್ಚಿ ತಗೊಳ್ಳಿ. ಎರಡೂ ಕಡೆ ಗಟ್ಟಿ ಕೈಹಿಡಿ ಇರಲೇಬೇಕು, ಏಕೆಂದರೆ ಏಳುವುದು ಕೈ ಬಲದಿಂದ. ಕುರ್ಚಿಯ ಕಾಲುಗಳು ಕಕ್ಕಸಿನ ಪ್ಯಾನಿನ ಎರಡೂ ಬದಿ ಸಮತಟ್ಟಾದ ಜಾಗದಲ್ಲಿ ನಿಲ್ಲುತ್ತವೆಯೇ, ಬಾಗಿಲಿನಿಂದ ಒಳಗೆ ಹೋಗುತ್ತದೆಯೇ ಎಂದು ಅಂಗಡಿಗೆ ಹೋಗುವ ಮೊದಲೇ ಅಳೆದಿಡಿ. ಇಷ್ಟು ಮಾಡದೆ ತಂದು ವಾಪಸ್ ಕೊಡಲು ಹೋದರೆ ಬಾತ್‌ರೂಮಿನ ಸಾಮಾನು ಎಂದು ಅಂಗಡಿಯವರು ತಗೊಳ್ಳುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ಮಾತು: ಬಣ್ಣ ಹೊಡೆದ ಕಬ್ಬಿಣದ ಚೌಕಟ್ಟು ಉಪ್ಪುಗಾಳಿಗೆ ಬೆಸುಗೆಯ ಜಾಗದಿಂದಲೇ ತುಕ್ಕು ಹಿಡಿಯಲು ಶುರುವಾಗುತ್ತದೆ. ಕುರ್ಚಿಯನ್ನು ತಲೆಕೆಳಗೆ ಮಾಡಿ ಬೆಸುಗೆ ನೋಡಿ. ಅಲ್ಯೂಮಿನಿಯಮ್ ಸಿಕ್ಕರೆ ಒಳ್ಳೆಯದು, ತೂಕವೂ ಕಡಿಮೆ.

ಮನೆಯಲ್ಲಿ ವೆಸ್ಟರ್ನ್ ಕಮೋಡ್ ಇದ್ದರೆ 4 ಇಂಚಿನ ಸೀಟ್ ರೇಸರ್ (ಕಮೋಡಿನ ಮೇಲೆ ಕೂರಿಸಿ ಎತ್ತರ ಹೆಚ್ಚಿಸುವ ಸೀಟು) ಸಾಕು. ತಿರುಪಿನಿಂದ ಬಿಗಿಯುವ ಬಗೆಯದ್ದೇ ಆಗಲಿ. ಸುಮ್ಮನೆ ಮೇಲಿಡುವಂಥದ್ದು ಒಂದು ಕಾಲಿನ ಮೇಲೆ ಭಾರ ಹಾಕಿ ಏಳುವಾಗ ಪಕ್ಕಕ್ಕೆ ಜಾರುತ್ತದೆ. ಏಳುವ ಕ್ರಮ: ಆಪರೇಷನ್ ಆದ ಕಾಲನ್ನು ಮುಂದಕ್ಕೆ ಸರಿಸಿ, ಎರಡೂ ಕೈಯನ್ನು ಕೈಹಿಡಿಗೆ ಕೊಟ್ಟು, ಎದೆ ಬಗ್ಗಿಸದೆ, ಒಳ್ಳೆಯ ಕಾಲಿನ ಮೇಲೆ ಏಳಬೇಕು. ಎದೆಯನ್ನು ತೊಡೆಯ ಕಡೆ ಬಗ್ಗಿಸಿದರೂ ಸೊಂಟ ಮಡಚಿದಂತೆಯೇ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಕೂರುವ ಕುರ್ಚಿಗೆ ಮಾತ್ರ ದುಡ್ಡು ಹಾಕಬೇಡಿ. ಮನೆಯಲ್ಲಿರುವ ಒಂದೇ ಬಗೆಯ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಎರಡು-ಮೂರನ್ನು ಒಂದರೊಳಗೊಂದು ಕೂರಿಸಿದರೆ ಬೇಕಾದ ಎತ್ತರ ಬರುತ್ತದೆ, ಅಲ್ಲಾಡುವುದೂ ಕಡಿಮೆಯಾಗುತ್ತದೆ. ಸೀಟು ಹಿಂದಕ್ಕೆ ಇಳಿಜಾರಾಗಿದ್ದರೆ ಹಿಂಬದಿಗೆ ಮಡಚಿದ ಕಂಬಳಿ ಹಾಕಿ ಸಮ ಮಾಡಿ. ಸೋಫಾ, ಜಗಲಿಯ ಕಟ್ಟೆ, ಊಟದ ಮಣೆ, ಈಳಿಗೆಮಣೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇವೆಲ್ಲ ಮೂರು ತಿಂಗಳಾದರೂ ದೂರ. ಸುಗ್ಗಿಯಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರು ಈ ಕೆಲಸಕ್ಕೆ ಆಳನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಲೇಸು. ಚಕ್ಕಳಮಕ್ಕಳ ಕೂರುವುದನ್ನು ಸರ್ಜನ್‌ಗೆ ಕೇಳದೆ ಶುರು ಮಾಡಬೇಡಿ.

ಊರುಗೋಲು

ಕಂಕುಳಿಗೆ ಇಡುವುದು, ಮೊಣಕೈಗೆ ಹಿಡಿಯುವುದು, ಎರಡೂ ಸಿಗುತ್ತವೆ. ತೋಳಿನಲ್ಲಿ ಬಲ ಇರುವ ವಯಸ್ಸಿನವರಿಗೆ ಮೊಣಕೈಯದ್ದೇ ಚೆನ್ನ: ಹಗುರ, ಸಣ್ಣ ಬಾಗಿಲಿನಲ್ಲಿ ತಾಗುವುದಿಲ್ಲ, ಕೈ ಬಿಟ್ಟರೂ ಪಟ್ಟಿಯಲ್ಲಿ ನೇತಾಡುತ್ತದೆ. ಕಂಕುಳಿನದ್ದು ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ತಪ್ಪಾಗಿ ಬಳಸುವವರೇ ಜಾಸ್ತಿ. ಮೇಲಿನ ಗಾದಿ ಕಂಕುಳಿಗಿಂತ ಎರಡು-ಮೂರು ಬೆರಳು ಕೆಳಗಿರಬೇಕು. ಭಾರ ಅಂಗೈಗೆ ಬೀಳಬೇಕೇ ಹೊರತು ಕಂಕುಳಿಗಲ್ಲ. ಕಂಕುಳಿಗೆ ನೇತುಬಿದ್ದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಎರಡೂ ಬಗೆಯಲ್ಲಿ ಕೈಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬಂದು, ಮೊಣಕೈ 20–30 ಡಿಗ್ರಿ ಬಾಗಿರಬೇಕು.

ಈ ಆಪರೇಷನ್ನಿನಲ್ಲಿ ಅತಿ ಸಾಮಾನ್ಯ ತಪ್ಪೆಂದರೆ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ನಡೆಯುವುದು. ಭಾರ ಹಾಕಬೇಡಿ ಎಂದರೆ ಕಾಲು ಎತ್ತಿಕೊಳ್ಳಿ ಎಂದಲ್ಲ. ಎತ್ತಿ ಹಿಡಿದಷ್ಟು ಹೊತ್ತೂ ಸೊಂಟದ ಮುಂಭಾಗದ ಸ್ನಾಯು ದುಡಿಯುತ್ತಲೇ ಇರುತ್ತದೆ, ಕೆಲವೇ ದಿನದಲ್ಲಿ ಅದರ ಕಂಡರ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಉರಿಯತೊಡಗುತ್ತದೆ, ತೊಡೆಸಂದಿನ ನೋವು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಅಂಗಾಲು ಪೂರ್ತಿ ನೆಲಕ್ಕೆ ತಾಗಿಸಿ, ಹಿಮ್ಮಡಿಯಿಂದ ಬೆರಳಿಗೆ ಉರುಳಿಸಿ, ಸುಮಾರು 9–10 ಕಿಲೋ ಭಾರ ಮಾತ್ರ ಬಿಡಬೇಕು. ಹತ್ತು ಕಿಲೋ ಎಂದರೆ ಎಷ್ಟು ಎಂದು ಕಾಲಿಗೆ ಕಲಿಸಲು ಬಾತ್‌ರೂಮ್ ತೂಕದ ಯಂತ್ರ ಬೇಕು: ಒಳ್ಳೆಯ ಕಾಲು ಅಷ್ಟೇ ದಪ್ಪದ ಹಲಗೆಯ ಮೇಲೆ, ಆಪರೇಷನ್ ಕಾಲು ಯಂತ್ರದ ಮೇಲೆ, ಮುಳ್ಳು ಹತ್ತಕ್ಕೆ ಬರುವವರೆಗೆ ಒತ್ತಿ. ಮೊದಲ ವಾರ ದಿನಾ ಬೆಳಿಗ್ಗೆ ಒಮ್ಮೆ ಹೀಗೆ ಮಾಡಿದರೆ ಸಾಕು. ಲೇಬ್ರಮ್ ಹೊಲಿಗೆ ಮಾತ್ರ ಆಗಿದ್ದರೆ ಈ ನಿಯಮ ಸಾಮಾನ್ಯವಾಗಿ ಎರಡು-ಮೂರು ವಾರ. ಮೃದ್ವಸ್ಥಿ ಸವೆದ ಜಾಗದಲ್ಲಿ ಮೂಳೆಗೆ ಸಣ್ಣ ತೂತು ಕೊರೆಯುವ ಮೈಕ್ರೋಫ್ರ್ಯಾಕ್ಚರ್ ಮಾಡಿದ್ದರೆ ಆರರಿಂದ ಎಂಟು ವಾರ. ಡಿಸ್‌ಚಾರ್ಜ್ ಕಾಗದದಲ್ಲಿ ಈ ಒಂದು ಪದ ಇದೆಯೇ ಎಂದು ಹುಡುಕಿ ನೋಡಿ.

ತುದಿಯ ರಬ್ಬರ್ ಬುಶ್ ಸಣ್ಣ ಸಾಮಾನು, ಆದರೆ ಮಳೆಗಾಲದ ಚಿರೆಕಲ್ಲಿನ ಅಂಗಳದಲ್ಲಿ ಅದೇ ಜೀವ. ಕೊಂಡ ದಿನವೇ ಒಂದು ಜೊತೆ ಹೆಚ್ಚಿಗೆ ತಗೊಳ್ಳಿ, ಪೈಪಿಗೆ ತೊಡಿಸಿ ಬಿಗಿಯಾಗಿ ಕೂರುತ್ತದೆಯೇ ನೋಡಿ. ತಳದ ಗೀರು ಸವೆದು ನುಣುಪಾದರೆ ಆ ದಿನವೇ ಬದಲಿಸಿ. ಪಾಚಿ ಹಿಡಿದ ಅಂಗಳಕ್ಕೆ ಯಾವ ಬುಶ್ಶೂ ಲೆಕ್ಕಕ್ಕಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ಇಲ್ಲವೇ ಅಂಗಳಕ್ಕೆ ಇಳಿಯಬೇಡಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಆಪರೇಷನ್ ಕಾಲು ಮೊದಲು.

ಬಿಡುವುದು ಯಾವಾಗ? ನೋವು ಹೋದಾಗಲ್ಲ, ಕುಂಟು ಹೋದಾಗ. ಮೊದಲು ಒಂದಕ್ಕೆ ಇಳಿಸಿ, ಆ ಒಂದನ್ನು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಹಿಂದಿನಿಂದ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಆಪರೇಷನ್ ಕಾಲಿನ ಮೇಲೆ ನಿಂತಾಗ ಇನ್ನೊಂದು ಬದಿಯ ಸೊಂಟ ಕೆಳಗೆ ಜಗ್ಗಿದರೆ ಊರುಗೋಲು ಇನ್ನೂ ಬೇಕು.

ತಂಪು ಚೀಲ

ಜೆಲ್ ಪ್ಯಾಕ್ ತಗೊಳ್ಳಿ, ಆದರೆ ಹಣೆಗೆ ಇಡುವ ಸಣ್ಣದು ಪ್ರಯೋಜನಕ್ಕೆ ಬಾರದು. ಸೊಂಟದ ಮುಂಭಾಗ ಮತ್ತು ಪಕ್ಕ ಎರಡನ್ನೂ ಮುಚ್ಚಲು ಸುಮಾರು 25×30 ಸೆಂ.ಮೀ. ಬೇಕು. ಎರಡು ಬೇಕು, ಒಂದು ಫ್ರೀಜರಿನಲ್ಲಿ, ಒಂದು ಮೈಮೇಲೆ. ಸಿಗದಿದ್ದರೆ ಮೂರು ಪಾಲು ನೀರಿಗೆ ಒಂದು ಪಾಲು ಸರ್ಜಿಕಲ್ ಸ್ಪಿರಿಟ್ ಬೆರೆಸಿ, ಜಿಪ್ ಚೀಲವನ್ನು ಇಮ್ಮಡಿ ಮಾಡಿ ತುಂಬಿ ಫ್ರೀಜರಿನಲ್ಲಿಡಿ. ಕಲ್ಲಾಗದೆ ಮೆತ್ತಗೆ ಉಳಿದು ಕೀಲಿನ ಆಕಾರಕ್ಕೆ ಬಾಗುತ್ತದೆ. ಒಮ್ಮೆಗೆ 15–20 ನಿಮಿಷ, ನಡುವೆ ತೆಳು ಪಂಚೆಯ ಒಂದು ಪದರ, ಮೊದಲ ಮೂರು ದಿನ ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ, ಆಮೇಲೆ ವ್ಯಾಯಾಮ ಆದ ಕೂಡಲೇ. ತೊಡೆಯ ಹೊರಬದಿಯಲ್ಲಿ ಚರ್ಮ ಜೋಮು ಇರುವುದು ಈ ಆಪರೇಷನ್ನಿನಲ್ಲಿ ಅಪರೂಪವಲ್ಲ, ರಂಧ್ರದ ಹತ್ತಿರವೇ ಒಂದು ಚರ್ಮದ ನರ ಹೋಗುತ್ತದೆ. ಆ ಜಾಗಕ್ಕೆ ತಂಪು ಅತಿಯಾದದ್ದು ತಿಳಿಯುವುದಿಲ್ಲ, ಹಾಗಾಗಿ ಗಡಿಯಾರ ನೋಡಿಯೇ ತೆಗೆಯಿರಿ, ಇಟ್ಟುಕೊಂಡು ನಿದ್ದೆ ಮಾಡಬೇಡಿ.

ಜೂನ್-ಜುಲೈನಲ್ಲಿ ಘಟ್ಟದ ಮೇಲೆ ಕರೆಂಟು ದಿನಗಟ್ಟಲೆ ಹೋಗುತ್ತದೆ. ಮೀನುಪೇಟೆಯಲ್ಲಿ ಸಿಗುವ ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ಫ್ಯಾಕ್ಟರಿಯ ಪುಡಿ ಐಸ್ ಹಾಕಿ ಪ್ಯಾಕ್ ಹೂತಿಟ್ಟರೆ ಒಂದು ದಿನ ದೂಡಬಹುದು. ಪೆಟ್ಟಿಗೆ ಹೊಸದೇ ಆಗಲಿ, ಇಲ್ಲವಾದರೆ ಹಾಸಿಗೆಯೆಲ್ಲ ಬಂಗುಡೆಯ ವಾಸನೆ. ತಂಪು ನೀರು ಸುತ್ತಿಸುವ ದುಬಾರಿ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಹತ್ತು ದಿನದ ಬಳಕೆಗೆ ಕೊಳ್ಳುವಂಥದ್ದಲ್ಲ. ಬಾಡಿಗೆಗೆ ಸಿಕ್ಕರೆ ನೋಡಿ.

ಬೆಲ್ಟು, ಸೈಕಲ್, ಇತರೆ

ಅಂಗಡಿಯಲ್ಲಿ ಹಿಪ್ ಬೆಲ್ಟ್ ಎಂದು ಕೊಡುವ ನಿಯೋಪ್ರೀನ್ ಪಟ್ಟಿ ಸೊಂಟದ ಚಲನೆಯನ್ನು ತಡೆಯುವುದಿಲ್ಲ, ನಮ್ಮ ಸೆಕೆಗೆ ಗಾಯದ ಸುತ್ತ ಬೆವರುಸಾಲೆ ಬರಿಸುತ್ತದೆ, ಅಷ್ಟೇ. ಸರ್ಜನ್ ಕೀಲಿರುವ, ಡಿಗ್ರಿ ಹೊಂದಿಸುವ ಬ್ರೇಸ್ ಬರೆದಿದ್ದರೆ ಅದು ಬೇರೆಯೇ ಸಾಮಾನು. ಅದನ್ನು ಆಸ್ಪತ್ರೆಯಿಂದಲೇ ತಂದು ಅಲ್ಲಿಯೇ ಹೊಂದಿಸಿಕೊಂಡು ಬನ್ನಿ. ಮಲಗಿದಾಗ ಪಾದ ಹೊರಕ್ಕೆ ವಾಲದಂತೆ ತೊಡೆಯ ಹೊರಬದಿಗೆ ಸುರುಳಿ ಸುತ್ತಿದ ಕಂಬಳಿ ಇಟ್ಟರಾಯಿತು. ಒಳ್ಳೆಯ ಬದಿಗೆ ಮಲಗುವುದಾದರೆ ಮೊಣಕಾಲುಗಳ ನಡುವೆ ಎರಡು ದಿಂಬು.

ಸ್ಥಿರ ಸೈಕಲ್ ಬಹಳ ಉಪಯೋಗದ್ದು, ಅನುಮತಿ ಇದ್ದರೆ ಮೊದಲ ವಾರದಿಂದಲೇ: ಪೆಡಲಿನ ಬಿಗಿ ಸೊನ್ನೆ, ಹತ್ತು ನಿಮಿಷದಿಂದ ಶುರು ಮಾಡಿ ಇಪ್ಪತ್ತಕ್ಕೆ. ಸೀಟು ಎಷ್ಟು ಎತ್ತರ ಎಂದರೆ ಪೆಡಲ್ ಕೆಳಗಿರುವಾಗ ಮೊಣಕಾಲು ಬಹುತೇಕ ನೇರ. ನೇರ ಕೂರುವ ಬಗೆಯೇ ಆಗಲಿ, ಒರಗಿ ಕೂರುವ ಬಗೆಯಲ್ಲಿ ಸೊಂಟ ಹೆಚ್ಚು ಮಡಚುತ್ತದೆ. ಕುರ್ಚಿಯ ಮುಂದಿಟ್ಟು ತುಳಿಯುವ ಪುಟ್ಟ ಪೆಡಲ್ ಯಂತ್ರ ಅಗ್ಗ ಎಂದು ಕೊಳ್ಳುವವರಿದ್ದಾರೆ. ಅದನ್ನು ತುಳಿಯುವಾಗ ಮೊಣಕಾಲು ಎದೆಯ ಕಡೆ ಏರುತ್ತದೆ. ಬೇಡ. ಮಸಾಜ್ ಗನ್ ಕೂಡ ಬೇಡ. ಎಲಾಸ್ಟಿಕ್ ಬ್ಯಾಂಡ್ ಆರನೇ ವಾರದ ಆಚೀಚೆ ಬೇಕಾಗುತ್ತದೆ, ಈಗಲೇ ತಂದರೆ ಮನಸ್ಸು ತಡೆಯದೆ ಎಳೆಯುತ್ತೀರಿ.

ನೋವಿನ ಮಾತ್ರೆ

ಮೊದಲ ಮೂರರಿಂದ ಐದು ದಿನ ಚೀಟಿಯಲ್ಲಿರುವ ಮಾತ್ರೆಯನ್ನು ಗಡಿಯಾರಕ್ಕೆ ಸರಿಯಾಗಿ ತಗೊಳ್ಳಿ. ನೋವು ಬಂದ ಮೇಲೆ ನುಂಗಿದರೆ ಅದು ಕೆಲಸ ಮಾಡುವ ಹೊತ್ತಿಗೆ ನೋವು ಏರಿರುತ್ತದೆ, ಮೈ ಬಿಗಿಯುತ್ತದೆ, ವ್ಯಾಯಾಮ ತಪ್ಪುತ್ತದೆ. ಬುನಾದಿ ಪ್ಯಾರಾಸಿಟಮಾಲ್: 650 ಮಿ.ಗ್ರಾಂ.ನದ್ದು ಆರು ಗಂಟೆಗೊಮ್ಮೆ ಎಂದರೆ ದಿನಕ್ಕೆ 2.6 ಗ್ರಾಂ. ಆರೋಗ್ಯವಂತ ವಯಸ್ಕರಿಗೂ 4 ಗ್ರಾಂ ಮೇರೆ. ಲಿವರ್ ತೊಂದರೆ, ಕುಡಿತ, ಕಡಿಮೆ ತೂಕ ಇದ್ದರೆ ಅದಕ್ಕಿಂತ ತುಂಬ ಕಡಿಮೆ.

ಎಡವಟ್ಟು ಆಗುವುದು ಕೌಂಟರಿನಲ್ಲಿ. ನೋವು ಕಡಿಮೆಯಾಗಿಲ್ಲ ಎಂದರೆ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ಚೀಟಿಯಲ್ಲಿ ಆಗಲೇ ನ್ಯಾಪ್ರೋಕ್ಸೆನ್ ಮತ್ತು ಪ್ಯಾರಾಸಿಟಮಾಲ್ ಇದ್ದರೆ ಈಗ ಎರಡು ಉರಿಯೂತ ಶಾಮಕ, ಎರಡು ಪಾಲು ಪ್ಯಾರಾಸಿಟಮಾಲ್. ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು, ನೋವಿಗೆ ಹೆಚ್ಚಿನ ಲಾಭವೇನೂ ಇಲ್ಲ. ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ.

ನ್ಯಾಪ್ರೋಕ್ಸೆನ್ ಅಥವಾ ಇಂಡೊಮೆಥಸಿನ್ ಅನ್ನು ಕೆಲವು ವಾರ ಬರೆದಿರುವುದು ಬರೀ ನೋವಿಗಲ್ಲ. ಮೂಳೆ ಕೆರೆದ ಜಾಗದ ಸುತ್ತ ಸ್ನಾಯುವಿನೊಳಗೆ ಬೇಡದ ಮೂಳೆ ಬೆಳೆಯದಂತೆ ತಡೆಯುವುದೂ ಅದರ ಕೆಲಸ. ನೋವಿಲ್ಲ ಎಂದು ಐದನೇ ದಿನ ನಿಲ್ಲಿಸಿದರೆ ಆ ಉದ್ದೇಶ ಕೆಡುತ್ತದೆ. ಊಟದ ನಂತರ ತಗೊಳ್ಳಿ, ಜೊತೆಗೆ ಬರೆದ ಪ್ಯಾಂಟೊಪ್ರಜೋಲ್ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಅಲ್ಸರ್, ಕಿಡ್ನಿ, ಹೃದಯದ ತೊಂದರೆ, ಅಸ್ತಮಾ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಸರ್ಜನ್‌ಗೆ ಮೊದಲೇ ಹೇಳಿರಬೇಕು.

ಟ್ರಮಡಾಲ್ ಇದ್ದರೆ ರಾತ್ರಿಗೆ, ಕೆಲವೇ ದಿನಕ್ಕೆ. ವಾಕರಿಕೆ, ತಲೆ ತಿರುಗು, ಮಲಬದ್ಧತೆ ಮೂರೂ ಬರುತ್ತವೆ. ಫಿಟ್ಸ್ ಇರುವವರು, ಖಿನ್ನತೆಯ ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಬಾರದು. ಮಲಬದ್ಧತೆಗೆ ಮೊದಲ ದಿನದಿಂದಲೇ ಇಸಬಗೋಲ್ ಮತ್ತು ಬೇಕಾದಷ್ಟು ನೀರು. ಮುಕ್ಕಿರಿಯಲು ಮುಂದಕ್ಕೆ ಬಾಗಿದರೆ ಮತ್ತೆ ಅದೇ 90 ಡಿಗ್ರಿ ತಕರಾರು.

ನೋವಿನ ಜೆಲ್, ಬಾಮು, ತೈಲ ಇವಕ್ಕೆ ಸೊನ್ನೆ ಅಂಕ. ಸೊಂಟದ ಕೀಲು ಬಹಳ ಆಳದಲ್ಲಿದೆ, ಮೇಲೆ ತಿಕ್ಕಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹೊಲಿಗೆ ತೆಗೆಯುವ 10–14 ದಿನದವರೆಗೆ ಎಣ್ಣೆ ಹತ್ತಿರ ಸುಳಿಯಬಾರದು. ಕೆರೆ, ಹೊಳೆ, ಸಮುದ್ರಸ್ನಾನ ಗಾಯ ಪೂರ್ತಿ ಮಾಯುವವರೆಗೆ, ಸುಮಾರು ನಾಲ್ಕು ವಾರ, ಬೇಡ.

ಜ್ವರದ ವಿಷಯ ಈ ಜಿಲ್ಲೆಗೆ ವಿಶೇಷ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗೆ ಬೇಸಿಗೆಯಲ್ಲಿ ಮಂಗನ ಕಾಯಿಲೆ, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಇವುಗಳಲ್ಲಿ ರಕ್ತಸ್ರಾವದ, ಕಿಡ್ನಿ ಕೆಡುವ ಅಪಾಯ ಇರುವುದರಿಂದ ನ್ಯಾಪ್ರೋಕ್ಸೆನ್ ಬಗೆಯ ಮಾತ್ರೆ ಕೆಟ್ಟದ್ದು. ಆಪರೇಷನ್ ಜ್ವರ ಎಂದು ಸುಮ್ಮನಿರದೆ, ಸರ್ಜನ್‌ಗೆ ಫೋನ್ ಮಾಡಿ ಆ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ರಂಧ್ರದಿಂದ ಕೀವು, ಹೆಚ್ಚುತ್ತಿರುವ ಕೆಂಪು, ಒಂದೇ ಮೀನಖಂಡ ಊದಿ ನೋಯುವುದು ಇದ್ದರೆ ಮರುದಿನಕ್ಕೆ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108. ಜನನಾಂಗದ ಸುತ್ತ ಜೋಮು ಹಿಡಿದಿದ್ದರೆ ನಾಚಿಕೆ ಬಿಟ್ಟು ಹೇಳಿ. ಆಪರೇಷನ್ ಹೊತ್ತಿನಲ್ಲಿ ಕಾಲು ಜಗ್ಗುವಾಗ ಎರಡು ಕಾಲುಗಳ ನಡುವೆ ಇಡುವ ಕಂಬ ಒತ್ತಿದ್ದರಿಂದ ಅದು ಬರುತ್ತದೆ, ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ.

ಫಿಸಿಯೋ ಸೇವೆ

ಕಾರವಾರ, ಶಿರಸಿ, ಕುಮಟಾದಲ್ಲಿ ಫಿಸಿಯೋಥೆರಪಿಸ್ಟ್‌ಗಳು ಸಿಗುತ್ತಾರೆ. ಜೊಯಿಡಾದ ಒಳಹಳ್ಳಿಗೆ ವಾರಕ್ಕೊಮ್ಮೆ ಮನೆಭೇಟಿ ಸಿಕ್ಕರೆ ಪುಣ್ಯ. ಯಾರು ಒಳ್ಳೆಯವರು ಎಂದು ಫೀಸು ನೋಡಿ ತಿಳಿಯುವುದಿಲ್ಲ, ಮೊದಲ ಭೇಟಿಯಲ್ಲಿ ತಿಳಿಯುತ್ತದೆ. ಆಪರೇಷನ್ ನೋಟ್ಸ್ ಕೇಳಿ ಓದುತ್ತಾರೆಯೇ? ಮನೆಯವರೊಬ್ಬರಿಗೆ ಕಾಲನ್ನು ಹಿಡಿದು ನಿಧಾನ ವೃತ್ತಾಕಾರವಾಗಿ ತಿರುಗಿಸುವುದನ್ನು ಕಲಿಸುತ್ತಾರೆಯೇ? ಇದು ಮೊದಲ ವಾರಗಳ ಮುಖ್ಯ ಕೆಲಸ: ಮೊಣಕಾಲು ಮಡಚಿದ ಕಾಲಿನ ಪೂರ್ತಿ ಭಾರ ಹಿಡಿದವರ ಕೈಯಲ್ಲಿ, ರೋಗಿಯ ಸ್ನಾಯು ಸಡಿಲ, ಸಣ್ಣ ವೃತ್ತ, ಎರಡೂ ದಿಕ್ಕಿಗೆ ಐದೈದು ನಿಮಿಷ. ಕೀಲಿನ ಚೀಲ ಒಳಗೆ ಅಂಟಿಕೊಳ್ಳದಂತೆ ಇದು ಕಾಯುತ್ತದೆ. ಜೊತೆಗೆ ಪಾದ ಮೇಲೆ-ಕೆಳಗೆ ಆಡಿಸುವುದು, ಪೃಷ್ಠ ಮತ್ತು ತೊಡೆಯ ಸ್ನಾಯು ಬಿಗಿಹಿಡಿದು ಬಿಡುವುದು, ದಿನಕ್ಕೆ ಹಲವು ಬಾರಿ ಬೋರಲು ಮಲಗುವುದು.

ಬರೀ ಕರೆಂಟು ಹಚ್ಚಿ ಕಳಿಸಿದರೆ ಬೇರೆಯವರನ್ನು ನೋಡಿ. ಎರಡನೇ ದಿನವೇ ಮಂಡಿ ನೇರವಿಟ್ಟು ಕಾಲು ಎತ್ತಿ ಎಂದರೆ ಖಂಡಿತ ಬೇಡ. ಮೊಣಕಾಲಿನ ಆಪರೇಷನ್ನಿಗೆ ಅದು ಸರಿ, ಇಲ್ಲಿ ಮುಂಭಾಗದ ಕಂಡರ ಕೆರಳುತ್ತದೆ. ನೋವಿನ ಅಳತೆ ಹತ್ತಕ್ಕೆ ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಆ ವ್ಯಾಯಾಮ ಸರಿ. ತೊಡೆಸಂದಿನಲ್ಲಿ ಚಿವುಟಿದಂತಾದರೆ ಅಲ್ಲಿಗೇ ನಿಲ್ಲಿಸಿ. ಒಂದು ನೇರ ಭೇಟಿ, ಆಮೇಲೆ ವಾರಕ್ಕೊಂದು ವಿಡಿಯೋ ಕರೆ, ಕಲಿತ ಒಬ್ಬರು ಮನೆಯಲ್ಲಿ: ದೂರದ ಹಳ್ಳಿಯವರಿಗೆ ಈ ಏರ್ಪಾಡು ದಿನಾ ದೇವಿಮನೆ ಘಟ್ಟ ಹತ್ತಿಳಿಯುವುದಕ್ಕಿಂತ ಉತ್ತಮ. ಹೋಗಲೇಬೇಕಾದರೆ ಕಾರಿನ ಮುಂದಿನ ಸೀಟು ಹಿಂದಕ್ಕೆ ಒರಗಿಸಿ, ಕೆಳಗೆ ಗಟ್ಟಿ ದಿಂಬು ಹಾಕಿ, ಗಂಟೆಗೊಮ್ಮೆ ಇಳಿದು ನಡೆಯಿರಿ. ಮಣಿಪಾಲದ ಕಡೆಗಾದರೆ ರೈಲಿನ ಕೆಳ ಬರ್ತ್ ಬಸ್ಸಿಗಿಂತ ಎಷ್ಟೋ ವಾಸಿ.

ಬೈಕಿನವರಿಗೆ: ಬಲ ಸೊಂಟದ ಆಪರೇಷನ್ ಆಗಿದ್ದರೆ ಕಾಲು ಬೀಸಿ ಹತ್ತುವುದು, ಕಿಕ್ ಹೊಡೆಯುವುದು ಎರಡೂ ಚೀಲದ ಹೊಲಿಗೆಗೆ ವಿರುದ್ಧ, ಸೆಲ್ಫ್ ಸ್ಟಾರ್ಟ್ ಸ್ಕೂಟರ್ ಕೂಡ ಆರು ವಾರದ ಮೊದಲು ಬೇಡ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಡೆಯುವ ಆಸೆ ಇದ್ದರೆ ಮೊದಲು ಮೇಲಿನ ಸಿಮೆಂಟ್ ದಾರಿ. ಮರಳು ಒಂದು ಬದಿಗೆ ಇಳಿಜಾರು, ಸಡಿಲ, ಹೆಜ್ಜೆಹೆಜ್ಜೆಗೂ ಪಕ್ಕದ ಸ್ನಾಯು ಜಗ್ಗುತ್ತದೆ. ಕುಂಟು ಪೂರ್ತಿ ಹೋದ ಮೇಲೆ, ಎರಡು-ಮೂರು ತಿಂಗಳಿಗೆ ನೋಡೋಣ. ಓಟ ಮೂರು-ನಾಲ್ಕು ತಿಂಗಳಿಗೆ, ಕಬಡ್ಡಿ, ವಾಲಿಬಾಲ್ ನಾಲ್ಕರಿಂದ ಆರು ತಿಂಗಳಿಗೆ, ಅದೂ ಒಂಟಿಕಾಲಿನ ಬಲ ಎರಡೂ ಕಡೆ ಸಮ ಬಂದ ಮೇಲೆ.

ಕಮೋಡ್ ಕುರ್ಚಿ, ಊರುಗೋಲು, ಸೀಟ್ ರೇಸರ್ ಮೂರನ್ನೂ ನೆಂಟರಿಂದ ಎರವಲು ತರಲು ಅಡ್ಡಿಯಿಲ್ಲ. ಬುಶ್ ಹೊಸದು ಹಾಕಿ, ಗುಂಡಿ ಪೂರ್ತಿ ಹೊರಗೆ ಬಂದು ಕೂತಿದೆಯೇ ನೋಡಿ, ಎತ್ತರವನ್ನು ನಿಮ್ಮ ಅಳತೆಗೆ ಮತ್ತೆ ಹೊಂದಿಸಿ. ಕೊಟ್ಟವರು ಮೊಣಕಾಲಿನ ಆಪರೇಷನ್ನಿನವರಾದರೆ ಕುರ್ಚಿ ಮಾತ್ರ ತಗೊಳ್ಳಿ, ಅವರ ವ್ಯಾಯಾಮದ ಹಾಳೆ ಅಲ್ಲೇ ಬಿಟ್ಟು ಬನ್ನಿ.